ಓಡುವ ಕುದುರೆಯ ಮೇಲೆ

ಮೊರಬ
೨೧ ಜುಲೈ ೧೯೭೪

ಮಗಳು ಕಸ್ತೂರಿಗೆ, ಊರಿನಿಂದ ನಿನ್ನ ತಂದೆಯ ಆಶೀರ್ವಾದ.

ನಿನ್ನ ಇನ್‌ಲ್ಯಾಂಡ್ ಪತ್ರ ಬಂದು ವಾರದ ಮೇಲಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೊಂದು ಅಡ್ಡ ಬಂತು ಎಂದು ಬರೆಯಬೇಕೆಂದಿದ್ದೆ. ಏನೂ ಅಡ್ಡ ಬರಲಿಲ್ಲ. ಕೂತವನು ಕೂತಲ್ಲೇ ಕೂತುಬಿಡುತ್ತೇನೆ. ನಿಮ್ಮವ್ವ ಹೋದ ಮೇಲೆ ಈ ಮನೆಯಲ್ಲಿ ಯಾವ ಕೆಲಸಕ್ಕೂ ಇಂಥದೇ ಹೊತ್ತು ಎಂಬುದು ಉಳಿದಿಲ್ಲ. ಇದು ಸೋಮಾರಿತನವಲ್ಲ, ಒಂದು ಥರದ ದಣಿವು. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಶಬ್ದವಿದೆ, ಇಂಟರ್ ಓದುವಾಗ ಗೊತ್ತಿತ್ತು. ಲಾಸಿಟ್ಯೂಡೋ ಲ್ಯಾಟಿಟ್ಯೂಡೋ. ಒಂದು ಭೂಗೋಳದ್ದು, ಒಂದು ನನ್ನದು. ಯಾವುದು ಯಾವುದೆಂದು ನೀನೇ ಡಿಕ್ಷನರಿ ನೋಡು.

ನೀನು ಎಂ.ಎ.ಗೆ ಬರೆಯುವ ಪ್ರಬಂಧದ ವಿಷಯ ಓದಿ ನನಗೆ ಮೊದಲು ನಗು ಬಂತು. ವಿಜಾಪುರದ ಬಾದಶಹರು ಇರಾಣದ ಕಡೆಯಿಂದ ಸರದಾರರನ್ನೂ ಬರೆಹಗಾರರನ್ನೂ ಬರಮಾಡಿಕೊಂಡರು. ಅವರ ಯುದ್ಧದ ರೀತಿ ಇಲ್ಲಿ ಎಷ್ಟು ಬಂತು, ಅವರ ಪಾರ್ಸಿ ಮಾತು ಸಿಪಾಯಿಗಳ ಬಾಯಿಂದ ಹೊಲಮನೆಗೆ ಎಷ್ಟು ಬಂತು. ಊರಲ್ಲಿ ಕಿವಿಗೆ ಬಿದ್ದ ಶಬ್ದ ಬರೆದು ಕಳಿಸಿರಿ ಎಂದಿರುವೆ. ನಮ್ಮ ಕಾಲಕ್ಕೆ ಇತಿಹಾಸವೆಂದರೆ ಇಂಗ್ಲಂಡದ ರಾಜರು ಮತ್ತು ಅವರ ಹೆಂಡಂದಿರು. ಅವರ ಇಸವಿಗಳನ್ನು ಬಾಯಿಪಾಠ ಮಾಡುತ್ತ ಕೂತೇ ನಾನು ಇಂಗ್ಲಿಷಿನಲ್ಲಿ ಫೇಲಾದದ್ದು.

ಇರಲಿ. ನೀನು ಪತ್ರದಲ್ಲಿ ಬರೆದ ಶಬ್ದಗಳನ್ನು ತಲೆಯಲ್ಲಿಟ್ಟುಕೊಂಡು ನಿನ್ನೆ ಊರ ಅಗಸಿ ಬಾಗಿಲಿನಿಂದ ಹೊಲದವರೆಗೆ ನಡೆದೆ. ಅಗಸಿಯ ಕಮಾನಿನ ಕೆಳಗೆ ಒಂದು ಗಳಿಗೆ ನಿಂತೆ. ಕಮಾನು ಎಂದರೆ ಪಾರ್ಸಿಯಲ್ಲಿ ಬಿಲ್ಲು ಎಂದು ನೀನು ಬರೆದದ್ದು ನೆನಪಾಯಿತು. ಯಾರ ಕೈಯಲ್ಲೋ ಇದ್ದ ಬಿಲ್ಲು ಬಂದು ಬಂದು ನಮ್ಮ ಬಾಗಿಲ ಮೇಲೆ ಕಲ್ಲಾಗಿ ಕೂತಿದೆ, ನಾವು ಅದಕ್ಕೆ ಮಾವಿನ ಎಲೆ ಕಟ್ಟುತ್ತೇವೆ. ಮುಂದೆ ಬಾಜು ಹೊಲದ ಹೊಳೆಯಪ್ಪ ಸಿಕ್ಕ. ಎತ್ತಿನ ಕಾಲು ಜಖಂ ಆಗಿದೆ ಎಂದ. "ಹೊಳೆಯಪ್ಪಾ, ಜಖಂ ಅಂದಿ, ನೀ ಈಗ ಪಾರ್ಸಿ ಮಾತಾಡಿದಿ ನೋಡು" ಎಂದೆ. "ನಾ ಎದಕ್ಕ ಪಾರ್ಸಿ ಮಾತಾಡ್ಲಿ ಯಪ್ಪಾ? ಮದಲ ಎತ್ತಿನ ಕಾಲ ನೋಡ ಬರ್ರಿ" ಎಂದು ಕೈ ಹಿಡಿದು ಎಳೆದುಕೊಂಡು ಹೋದ. ಲಗಾಮು, ಜೀನು, ಸವಾರಿ, ತಯಾರಿ, ಎಲ್ಲ ಅಲ್ಲಿಂದಲೇ ಬಂದವಂತೆ. ನಿಮ್ಮವ್ವ ದಿನಾ ಮುಂಜಾನೆ "ಬುತ್ತಿ ತಯಾರ ಐತ್ರಿ" ಎನ್ನುತ್ತಿದ್ದಳು. ಜನ್ಮವೆಲ್ಲ ಬಾದಶಹರ ದಂಡಿನ ಮಾತು ಆಡಿದಳು, ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಇನ್ನೊಂದು ಸಂಗತಿ. ರವಿವಾರ ನಿಮ್ಮ ಶಂಭು ಕಾಕಾ ಅಣ್ಣಿಗೇರಿಯಿಂದ ಬಂದಿದ್ದ. ಅವನ ದಲಾಲಿ ಅಡತಿ ಅಂಗಡಿಗೆ ಮಾರಲು ಕಡಲೆ ತರುವ ಕುಂದಗೋಳದ ಕುಬೇರಪ್ಪನವರು ತಮ್ಮ ಮಗನಿಗೆ ನಿನ್ನನ್ನು ಕೇಳಿದ್ದಾರಂತೆ. ಹುಡುಗ ಬಿ.ಕಾಂ. ಆಗಿದ್ದಾನೆ, ಚಟಗಳಿಲ್ಲ. ಬರುವ ಮಾಘ ಮಾಸದಲ್ಲಿ ಅಕ್ಕಿಕಾಳು ಹಾಕಿ ಮದುವೆ ಮುಗಿಸಿಬಿಡೋಣ ಎಂದ. ನಾನು "ನೋಡೂಣು" ಎಂದೆ.

ಮಳೆ ಸಾಧಾರಣ. ಹೆಸರಿನ ಬೆಳೆ ಎದ್ದಿದೆ. ಮೈ ಜೋಪಾನ.

ನಿನ್ನ ತಂದೆ
ಈರಬಸಪ್ಪ


ಧಾರವಾಡ
೪ ಆಗಸ್ಟ್ ೧೯೭೪

ಅಪ್ಪನವರಿಗೆ ಕಸ್ತೂರಿಯ ಶರಣು.

ಶಬ್ದಗಳು ತಲುಪಿದವು. ನಮ್ಮ ಸರ್‌ಗೆ ಹೊಳೆಯಪ್ಪನ ಎತ್ತಿನ ಕಥೆ ಓದಿ ತೋರಿಸಿದೆ, ಬಹಳ ನಕ್ಕರು.

ಅಪ್ಪಾ, ನೀವು "ನೋಡೂಣು" ಎಂದರೆ ಕಾಕಾನ ಕಿವಿಗೆ ಅದು "ಆಗಲಿ" ಎಂದೇ ಕೇಳುತ್ತದೆ. ನಿಮಗೂ ಗೊತ್ತು. ನನ್ನ ಪರೀಕ್ಷೆ ಏಪ್ರಿಲಿನಲ್ಲಿ. ಪ್ರಬಂಧವನ್ನು ಅದಕ್ಕೂ ಮೊದಲು ಒಪ್ಪಿಸಬೇಕು. ಮಾಘದಲ್ಲಿ ಮದುವೆಯಾದರೆ ಎರಡೂ ಹೋದವೆಂದೇ ತಿಳಿಯಿರಿ. ಕುಂದಗೋಳದ ಮನೆಯವರು ಹೊಸ ಸೊಸೆಯನ್ನು ಪುಸ್ತಕದ ಚೀಲ ಕೊಟ್ಟು ಧಾರವಾಡದ ಬಸ್ಸು ಹತ್ತಿಸುವುದಿಲ್ಲ. ಕುಬೇರಪ್ಪನವರ ಮಗನ ಮೇಲೆ ನನಗೆ ಸಿಟ್ಟಿಲ್ಲ. ಅವನನ್ನು ನಾನು ನೋಡಿಯೂ ಇಲ್ಲ. ಪರೀಕ್ಷೆ ಮುಗಿದ ಮೇಲೆ ನನ್ನನ್ನೇ ಕೇಳಲಿ, ಆಗ ಹೇಳುತ್ತೇನೆ. ಇಷ್ಟನ್ನು ಕಾಕಾಗೆ ನೀವು ಬಾಯಿಬಿಟ್ಟು ಹೇಳಬೇಕು. ಅವ್ವ ಇದ್ದಿದ್ದರೆ ನಿಮಗೆ ಹೇಳುತ್ತಿರಲಿಲ್ಲ, ಅವಳಿಗೇ ಹೇಳುತ್ತಿದ್ದೆ.

ನವಲಗುಂದಕ್ಕೆ ಹೋದರೆ ನಿಮ್ಮ ಗೆಳೆಯ ಜಹೀರುದ್ದೀನ ಕಾಕಾ ಅವರನ್ನು ಒಂದು ಮಾತು ಕೇಳಿರಿ. ಪಾರ್ಸಿ ಪುಸ್ತಕಗಳಲ್ಲಿ ‘ಗುರೇಜ್’ ಎಂದು ಬರುತ್ತದೆ. ಓಡಿಹೋಗುವುದು ಎಂದು ಅರ್ಥ. ಆದರೆ ಯುದ್ಧದಲ್ಲಿ ಬೇಕೆಂದೇ ಓಡುವುದು, ಓಡುತ್ತಲೇ ತಿರುಗಿ ಹೊಡೆಯುವುದು ಇತ್ತಲ್ಲ, ಅದನ್ನು ಅವರು ಕುದುರೆಯ ಮೇಲೆ ಹೇಗೆ ಮಾಡುತ್ತಿದ್ದರು ಎಂಬುದು ನನಗೆ ಕಣ್ಣಿಗೆ ಕಟ್ಟುತ್ತಿಲ್ಲ.

ನಿಮ್ಮ ಮಗಳು
ಕಸ್ತೂರಿ


ಮೊರಬ
೧೫ ಸಪ್ಟೆಂಬರ್ ೧೯೭೪

ಮಗಳು ಕಸ್ತೂರಿಗೆ, ಮೊಣಕಾಲು ನೋವಿನ ನಡುವೆಯೂ ನಿನ್ನ ತಂದೆಯ ಆಶೀರ್ವಾದ.

ಮೊಣಕಾಲಿಗೆ ಕಾರಣ ನಿನ್ನ ಗುರೇಜ್.

ನವಲಗುಂದಕ್ಕೆ ಹೋಗಿದ್ದೆ. ಜಹೀರುದ್ದೀನ ಉರ್ದು ಶಾಲೆಯಿಂದ ನಿವೃತ್ತನಾದ ಮೇಲೆ ಗಡ್ಡ ಬಿಟ್ಟಿದ್ದಾನೆ, ಆದರೆ ಬಾಯಿ ಕಾಲೇಜಿನಲ್ಲಿದ್ದ ಹಾಗೆಯೇ ಇದೆ. ಆಗ ಹಾಸ್ಟೆಲಿನಲ್ಲಿ ನಮ್ಮಿಬ್ಬರದು ಒಂದೇ ಕೋಣೆ. ಅವನು ಪಾರ್ಸಿ ತೆಗೆದುಕೊಂಡು ಪಾಸಾದ, ನಾನು ಕನ್ನಡ ತೆಗೆದುಕೊಂಡು ಇಂಗ್ಲಿಷಿನಲ್ಲಿ ನಪಾಸಾದೆ. ನಿನ್ನ ಪ್ರಶ್ನೆ ಓದಿ ಹೇಳಿದೆ. ಕಟ್ಟೆಯ ಮೇಲೆ ಕೂತು ವಿಸ್ತಾರವಾಗಿ ಹೇಳತೊಡಗಿದ. ಕ್ರಿಸ್ತಪೂರ್ವದಲ್ಲೇ ಇರಾಣದ ಸವಾರರು ರೋಮಿನ ದಂಡಿಗೆ ಈ ಆಟ ತೋರಿಸಿದ್ದರಂತೆ. ಸೋತವರ ಹಾಗೆ ಓಡುವುದು. ಗೆದ್ದೆವೆಂದು ವೈರಿ ಬೆನ್ನು ಹತ್ತುತ್ತಾನೆ. ನಾನು ಮೊದಲು ನೀನು ಮೊದಲು ಎಂದು ಸಾಲು ಮುರಿದು, ತಾನು ಭದ್ರವಾಗಿ ನಿಂತ ನೆಲ ಬಿಟ್ಟು ಬರುತ್ತಾನೆ. ಆಗ ತಿರುಗುವುದು. ದಖ್ಖಣದ ಬಯಲಿನಲ್ಲಿ ವಿಜಾಪುರದ ಬರಗೀರ ಸವಾರರೂ ಮೊಗಲರನ್ನು ಹೀಗೆಯೇ ಓಡಿ ಓಡಿ ಕಾಡಿದರಂತೆ, ಮರಾಠರೂ ಅದನ್ನೇ ಕಲಿತು ಬೆಳೆಸಿದರಂತೆ.

"ಓಡಕೋತ ತಿರುಗಿ ಬಾಣ ಬಿಡೂದು ಹೆಂಗ ಸಾಧ್ಯದಲೇ?" ಎಂದೆ.

"ಬಾಯಲೆ ಹೇಳಿದ್ರ ನಿನ್ನ ತಲಿಗೆ ಯಾವತ್ತ ಹೋಗೇತಿ, ಈರ್ಯಾ? ಹತ್ತು ಸೈಕಲ್ ಮ್ಯಾಲೆ."

"ಈ ವಯಸ್ಸಿನ್ಯಾಗ?"

"ಸ್ಟ್ಯಾಂಡ್ ಹಾಕೇನಿ. ಈ ಕುದುರಿ ಎಲ್ಲೂ ಓಡೂದಿಲ್ಲ. ಹತ್ತಂದ್ರ ಹತ್ತು."

ಹತ್ತಿದೆ. ಅವನು ಹಿಂದೆ ಬಂದು ನಿಂತ.

"ಈಗ ನೀ ಓಡಾಕತ್ತಿ. ವೈರಿ ಗನೀಮ ಬೆನ್ನ ಹತ್ಯಾನ. ಲಗಾಮು ಬಿಡು. ತೊಡಿಲೆ ಕುದುರಿ ಗಟ್ಟಿ ಹಿಡಿ. ಈಗ ನಡಾ ತಿರುಗಿಸು. ಕುದುರಿ ಮಾರಿ ಆ ಕಡೆ, ನಿನ್ನ ಮಾರಿ ಈ ಕಡೆ. ಹಾಂ! ಬಿಡು ಬಾಣ!"

ಹ್ಯಾಂಡಲ್ ಬಿಟ್ಟು ಹಿಂದಕ್ಕೆ ತಿರುಗಿದೆ. ಅರ್ಧ ತಿರುಗಿದ್ದೆನೋ ಏನೋ, ಸ್ಟ್ಯಾಂಡು ಜಾರಿತು, ಕುದುರೆಯ ಸಮೇತ ನಾನು ಗಟಾರದ ಬಾಯಿಗೆ ಬಿದ್ದೆ. ಚಹಾ ತಂದ ಅಮೀರಬಿ ಬಾಗಿಲಲ್ಲೇ ನಿಂತು, "ಆಟಾ ಆಡೂ ವಯಸ್ಸೇನ್ರಿ ಇದು, ಈರಬಸಪ್ಪಣ್ಣಾರ? ಇವರಿಗಂತೂ ಬುದ್ಧಿ ಇಲ್ಲ, ನಿಮಗೇನಾಗೇತ್ರಿ?" ಎಂದು ಗದರಿದಳು. ಗಂಡನನ್ನು ಬಯ್ಯುತ್ತಲೇ ಎಣ್ಣೆ ಬೆಚ್ಚಗೆ ಮಾಡಿ ತಂದಳು. ಜಹೀರುದ್ದೀನ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡ. "ನಿನ್ನ ಕೈಲೆ ಓಡೂದಷ್ಟ ಆಗ್ತದ ಈರ್ಯಾ. ತಿರಗೂದು ಆಗೂದಿಲ್ಲ."

ಚೇಷ್ಟೆಗೆ ಹೇಳಿದ. ಬಸ್ಸಿನಲ್ಲಿ ಬರುವಾಗ ಅದೇ ಮಾತು ತಿರುತಿರುಗಿ ಬಂತು. ಪಾಲು ಹಂಚುವಾಗ ರಸ್ತೆಯ ಬದಿಯ ಹೊಲ ಶಂಭು ಕೇಳಿದ, ಬಿಟ್ಟೆ. ಮನೆಯ ಮುಂದಿನ ಅಂಕಣ ಕೇಳಿದ, ಬಿಟ್ಟೆ. ನಿಮ್ಮವ್ವನನ್ನು ಹುಬ್ಬಳ್ಳಿಯ ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದು ನಾನು ಅನ್ನುವುದು, ಊರ ಔಷಧವೇ ಸಾಕು ಎಂದು ಹಿರಿಯರೆಲ್ಲ ಅನ್ನುವುದು, ನಾನು ಸುಮ್ಮನಾಗುವುದು. ಟು ಬಿ ಫ್ರ್ಯಾಂಕ್, ನನ್ನ ರಿಟ್ರೀಟುಗಳಲ್ಲಿ ಒಂದೂ ಸೋಗಿನದಲ್ಲ.

ಶಂಭುವಿಗೆ ನಿನ್ನ ಮಾತು ಇನ್ನೂ ಹೇಳಿಲ್ಲ. ಹೇಳುತ್ತೇನೆ.

ನಿನ್ನ ತಂದೆ
ಈರಬಸಪ್ಪ

ತಾಜಾ ಕಲಮು: ಜಹೀರುದ್ದೀನ ಇನ್ನೊಂದು ಹೇಳಿದ, ಬರೆದುಕೊ. ಓಡುವಾಗ ಖರೇನೇ ಸೋತು ಓಡಿದ ಹಾಗೆ ಕಾಣಬೇಕಂತೆ. ಹಿಂದಿನ ಸಾಲಿನ ತನ್ನ ಮಂದಿಗೂ ಗೊತ್ತಿರುತ್ತಿರಲಿಲ್ಲವಂತೆ. ಅವರು ನಮ್ಮವನು ಕೈಬಿಟ್ಟ ಎಂದೇ ಅಳುತ್ತಿದ್ದರಂತೆ.


ಮೊರಬ
೨೭ ಅಕ್ಟೋಬರ್ ೧೯೭೪

ಕಸ್ತೂರಿಗೆ,

ಹೇಗೆ ಬರೆಯಲಿ ಎಂದು ಬಹಳ ಹೊತ್ತು ಕೂತೆ. ನೇರವಾಗಿ ಬರೆಯುತ್ತೇನೆ.

ದಸರೆಯ ಸಂಜೆ ಬನ್ನಿ ಎಲೆ ಕೊಡಲು ಶಂಭು ಬಂದ, ನಿಮ್ಮ ಚಿಕ್ಕವ್ವ ರೇವವ್ವನೂ ಬಂದಳು. ಜೊತೆಗೆ ಕುಂದಗೋಳದ ಕುಬೇರಪ್ಪನವರು. ನನಗೆ ಮೊದಲು ತಿಳಿಸಿರಲಿಲ್ಲ. ಓಣಿಯವರೆಲ್ಲ ಬನ್ನಿ ತೆಗೆದುಕೊಂಡು ಬಾಗಿಲಲ್ಲಿ ನಿಂತಿದ್ದರು. ಕುಬೇರಪ್ಪನವರು ನನ್ನ ಕೈಗೆ ಬನ್ನಿ ಇಟ್ಟು, "ನಾವೂ ನೀವೂ ಇನ್ನ ಬಂಗಾರದಂಗ ಇರೂಣು, ಬೀಗರ" ಎಂದರು. ಬೀಗರು ಎಂದೇ ಅಂದರು. ಹಬ್ಬದ ದಿನ ಮನೆಗೆ ಬಂದವರು ಕೈಗೆ ಬನ್ನಿ ಕೊಟ್ಟು ಹಾಗೆ ಅಂದಾಗ ಏನು ಹೇಳಬೇಕು? ನಾನೂ ಬನ್ನಿ ಕೊಟ್ಟೆ.

ಅವರು ಹೋದ ಮೇಲೆ ನಿನ್ನ ಪರೀಕ್ಷೆಯ ಮಾತು ತೆಗೆದೆ. ಖರೇನೇ ತೆಗೆದೆ. "ಅಣ್ಣಾ," ಎಂದ ಶಂಭು, "ಆಕಿ ನನಗೂ ಮಗಳ. ತಾಯಿ ಇಲ್ಲದ ಹುಡಿಗಿ, ನಿನಗ ಮೈಯಾಗ ಶಕ್ತಿ ಇಲ್ಲ. ನಾಳೆ ನಿನಗ ಒಂದು ಹೋಗಿ ಇನ್ನೊಂದಾದ್ರ ಯಾರ ನಿಂತ ಮಾಡ್ತಾರ? ಇಂಥ ಮನಿತನ ಮತ್ತ ಬಾಗಲಿಗೆ ಬರ್ತೈತೇನು?" ಹೇಳುವಾಗ ಅವನ ಕಣ್ಣು ತುಂಬಿದ್ದವು. ನಿನ್ನ ಕಾಕಾ ಕೆಟ್ಟವನಲ್ಲ, ಕಸ್ತೂರಿ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹೂಂ" ಎಂದೆ. ಡಿಸೆಂಬರ್ ಒಂಬತ್ತು, ಸೋಮವಾರ, ನಿಶ್ಚಯ. ಅದು ಹಿರಿಯರ ಮಾತುಕತೆ, ಹುಡುಗಿ ಬೇಡ. ಉಡಿ ತುಂಬುವುದಕ್ಕೆ ಮುಂದೆ ಕರೆಸಿದರಾಯಿತು ಎಂದಿದ್ದಾರೆ.

ಬಹಳ ದಣಿದಿದ್ದೇನೆ.

ನಿನ್ನ ತಂದೆ
ಈರಬಸಪ್ಪ


ಧಾರವಾಡ
೩ ನವೆಂಬರ್ ೧೯೭೪

ಅಪ್ಪನವರಿಗೆ ಶರಣು.

ಪತ್ರ ತಲುಪಿತು. ನಾನು ದೀಪಾವಳಿಗೆ ಬರುವುದಿಲ್ಲ. ಇನ್ನು ಮೇಲೆ ಶಬ್ದಗಳನ್ನು ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿರಿ.

ಕಸ್ತೂರಿ


ಮೊರಬ
೨೪ ನವೆಂಬರ್ ೧೯೭೪

ಮಗಳು ಕಸ್ತೂರಿಗೆ, ನೀನು ಓದಲಿ ಬಿಡಲಿ, ನಿನ್ನ ತಂದೆಯ ಆಶೀರ್ವಾದ.

ಹೋದ ವಾರವೂ ಒಂದು ಪತ್ರ ಹಾಕಿದ್ದೆ. ಉತ್ತರವಿಲ್ಲ. ಪೋಸ್ಟಿನವನು ನನ್ನ ಮೋರೆ ನೋಡಿ ಈಗ ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ.

ದೀಪಾವಳಿಗೆ ಏನೂ ಮಾಡಲಿಲ್ಲ. ರೇವವ್ವ ಡಬ್ಬಿಯಲ್ಲಿ ಕರ್ಚಿಕಾಯಿ ಕಳಿಸಿದ್ದಳು. ಬಿಳಿಜೋಳ ಮೊಣಕಾಲುದ್ದ ಎದ್ದಿದೆ. ಹೊಳೆಯಪ್ಪನ ಎತ್ತಿನ ಕಾಲು ನೆಟ್ಟಗಾಯಿತು, ನನ್ನದು ಇನ್ನೂ ಇಲ್ಲ.

ಶಂಭು ನಿಶ್ಚಯದ ತಯಾರಿಯಲ್ಲಿದ್ದಾನೆ. ನಿಶ್ಚಯ ಅಣ್ಣಿಗೇರಿಯಲ್ಲಿ ತನ್ನ ಮನೆಯಲ್ಲೇ ಆಗಲಿ ಎಂದಿದ್ದ, ಆಗಲಿ ಎಂದಿದ್ದೆ. ಆಮೇಲೆ ಹಿರಿಯ ಅಣ್ಣನ ಮನೆಯಲ್ಲೇ ಮಾಡಿದರೆ ಹೆಚ್ಚು ಮರ್ಯಾದೆ, ಮೊರಬದಲ್ಲೇ ಆಗಲಿ ಎಂದ. ಅದಕ್ಕೂ ಆಗಲಿ ಎಂದೆ. ಮೊನ್ನೆ ಬಂದವನು ಸ್ವಲ್ಪ ಅಳುಕಿ, "ಅಣ್ಣಾ, ನೀ ಒಬ್ಬಾಂವ ಆದಿ. ಶುಭಕಾರ್ಯಕ್ಕ ಜೋಡಿ ಬೇಕಾಗ್ತದ. ಕಂಬಳಿ ಮ್ಯಾಲೆ ನಾನೂ ರೇವವ್ವನೂ ಕೂಡತೇವಿ. ತಪ್ಪ ತಿಳೀಬ್ಯಾಡ" ಎಂದ.

"ಕೂಡ್ರಿ" ಎಂದೆ.

"ನೀ ಎಲ್ಲಿರ್ತಿ ಮತ್ತ?"

"ಎಲ್ಲೆರ ನಿಂದರ್ತೇನಿ."

ಮಗಳನ್ನು ಕೊಡುವ ದಿನ ತಂದೆ ಎಲ್ಲಾದರೂ ನಿಲ್ಲಬಹುದು, ಹೆಂಡತಿ ಇಲ್ಲದವನು ಕಂಬಳಿಯ ಮೇಲೆ ಕೂಡುವಂತಿಲ್ಲ. ನಮ್ಮಲ್ಲಿ ಹೀಗೆ. ಇದನ್ನು ಯಾರು ಮಾಡಿದರೋ ತಿಳಿಯದು. ಅಂಥ ಸಭೆಗಳಲ್ಲಿ ನಾನೂ ಎಷ್ಟೋ ಒಂಟಿ ಗಂಡಸರನ್ನು ಬಾಗಿಲ ಹತ್ತಿರ ನಿಂತದ್ದು ನೋಡಿದ್ದೇನೆ. ಅವರ ಮುಖ ಈಗ ನೆನಪಾಗುತ್ತಿಲ್ಲ.

ನೀನು ಬೇಡವೆಂದರೂ ಒಂದು ಶಬ್ದ. ಹುನ್ನಾರ. ಅದೂ ಪಾರ್ಸಿಯ ಹುನರಿನಿಂದ ಬಂದದ್ದು, ಜಾಣ್ಮೆ ಎಂದು ಅರ್ಥ ಎಂದು ಜಹೀರುದ್ದೀನ ಹೇಳಿದ. ಓಡಿದವನು ತಿರುಗಿ ಗೆದ್ದರೆ ಹುನ್ನಾರ ಎನ್ನುತ್ತಾರಂತೆ, ತಿರುಗದಿದ್ದರೆ ಹೇಡಿ.

ನಿನ್ನ ತಂದೆ
ಈರಬಸಪ್ಪ


ಮೊರಬ
೧೨ ಡಿಸೆಂಬರ್ ೧೯೭೪

ಮಗಳು ಕಸ್ತೂರಿಗೆ, ನಿನ್ನ ತಂದೆಯ ಆಶೀರ್ವಾದ.

ಸೋಮವಾರ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಕ್ರಮ ತಪ್ಪಿದರೆ ಕ್ಷಮಿಸು.

ಕುಂದಗೋಳದವರು ಟೆಂಪೋ ಮಾಡಿಕೊಂಡು ಬಂದರು. ಪಡಸಾಲೆ ತುಂಬಿತು. ಹುಡುಗ ಬಂದಿರಲಿಲ್ಲ. ಕಂಬಳಿ ಹಾಸಿ ಶಂಭು, ರೇವವ್ವ ಕೂತರು. ಎದುರಿಗೆ ಕುಬೇರಪ್ಪನವರು, ಅವರ ಹೆಂಡತಿ. ನಡುವೆ ತಾಟಿನಲ್ಲಿ ಎಲೆ ಅಡಿಕೆ, ಸಕ್ಕರೆ. ಮಠದ ಅಯ್ಯನವರು ಬಂದು ವಿಭೂತಿ ಕೊಟ್ಟರು. ನಾನು ಪಡಸಾಲೆಯ ಕಮಾನಿನ ಕೆಳಗೆ, ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಒಳಗೆ ಹೋಳಿಗೆಯ ವಾಸನೆ. ನನಗೆ ಯಾವಾಗ ಮುಗಿದೀತು, ಯಾವಾಗ ಅಡ್ಡಾದೇನು ಎಂಬುದೊಂದೇ ಇತ್ತು. ಇದನ್ನು ನೀನು ನಂಬಬೇಕು.

ಅಯ್ಯನವರು ತಾಟು ಎತ್ತಿ, "ಕೂಸಿನ ಕಡಿಯಿಂದ ಮಾತ ಯಾರ ಕೊಡ್ತೀರಿ?" ಎಂದು ಕೇಳಿದರು. ಶಂಭುವೇ ಕೊಡಬೇಕಾದದ್ದು. ಕಂಬಳಿಯ ಮೇಲೆ ಕೂತವನು ಅವನೇ. ಆದರೆ ಅವನು ಅಂದು ಬಹಳ ಖುಷಿಯಲ್ಲಿದ್ದ. ಎಲ್ಲರೂ ನೋಡಲಿ ಎಂಬ ಹುರುಪೋ, ಅಣ್ಣನನ್ನು ಬಾಗಿಲಲ್ಲಿ ನಿಲ್ಲಿಸಿದ ಸಂಕೋಚವೋ, ಕೈ ನನ್ನ ಕಡೆ ಮಾಡಿ, "ಹಡದಪ್ಪ ಅಲ್ಲಿ ನಿಂತಾನಲ್ರಿ, ಅಯ್ಯಾರ. ಅವನ ಬಾಯಿಂದನ ಬರ್ಲಿ. ನಮ್ಮಣ್ಣ ಈ ಮನ್ಯಾಗ ಹುಟ್ಟಿದಾಗಿಂದ ಯಾರಿಗೂ ಇಲ್ಲ ಅಂದಾಂವಲ್ಲ" ಎಂದ. ಎಲ್ಲರೂ ನಕ್ಕರು. ಕುಬೇರಪ್ಪನವರೂ ನಕ್ಕು, "ಹಂಗಂದ್ರ ನಮ್ಮ ಕೆಲಸ ಹಗುರಾತು" ಎಂದರು.

ಅಯ್ಯನವರು ನನ್ನ ಕಡೆ ತಿರುಗಿ, "ಕೊಟ್ಟೇನಿ ಅನ್ರಿ, ಈರಬಸಪ್ಪ" ಎಂದರು.

ಒಂದು ಗಳಿಗೆ ನನಗೆ ಏನೂ ಕೇಳಿಸಲಿಲ್ಲ. ಆಮೇಲೆ ಯಾರೋ, "ಕೊಡೂದಿಲ್ರಿ" ಅಂದದ್ದು ಕೇಳಿಸಿತು. ನನ್ನದೇ ದನಿ.

ಶಂಭು, "ಏನಂದಿ?" ಎಂದ.

ಎರಡನೆಯದು ಗಟ್ಟಿಯಾಗಿ ಬಂತು. "ಕೊಡೂದಿಲ್ಲ. ಹುಡಿಗಿ ಒಲ್ಲೆ ಅಂದಾಳ. ಏಪ್ರಿಲದಾಗ ಆಕಿ ಪರೀಕ್ಷಾ ಐತಿ. ಅದ ಮುಗದ ಮ್ಯಾಲೆ ಆಕಿನ್ನ ಕೇಳ್ರಿ. ಆಕಿ ಹೂಂ ಅಂದ್ರ ನಾ ಹಗಲೆಲ್ಲಾ ಕಂಬಳಿ ಹಿಡಕೊಂಡ ನಿಂದರ್ತೇನಿ."

ಇದಕ್ಕಿಂತ ಚೆನ್ನಾಗಿ ಹೇಳಬಹುದಿತ್ತು. ಬಸ್ಸಿನಲ್ಲಿ, ಹೊಲದಲ್ಲಿ ಎಷ್ಟೋ ಸಾರೆ ನನ್ನಷ್ಟಕ್ಕೆ ಇಂಗ್ಲಿಷಿನಲ್ಲೂ ಹೇಳಿಕೊಂಡಿದ್ದೆ, ವಿಥ್ ಡ್ಯೂ ರಿಸ್ಪೆಕ್ಟ್ ಎಂದೆಲ್ಲ. ಅದೊಂದೂ ಆಗ ಬರಲಿಲ್ಲ.

ಕುಬೇರಪ್ಪನವರು ಎದ್ದರು. ಸಿಟ್ಟು ಮಾಡಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. "ಇದನ್ನ ದಸರಿ ದಿನಾ ಹೇಳಿದ್ರ ನಾವೂ ಇಷ್ಟ ಮಂದಿ ಕಟಗೊಂಡ ಬರ್ತಿರಲಿಲ್ರಿ" ಎಂದರು. ಖರೇ ಮಾತು. ಕೈ ಮುಗಿದೆ. ಅಯ್ಯನವರು ತಾಟನ್ನು ಕೆಳಗಿಟ್ಟು, "ತಂದಿ ಒಲ್ಲೆ ಅಂದ ಮ್ಯಾಲೆ ಮುಗೀತು. ಯಾರೂ ಕೂಗ್ಯಾಡಬ್ಯಾಡ್ರಿ" ಎಂದರು. ತಂದೆಯ ಬಾಯಿಂದ ಬಂದದ್ದರ ಮೇಲೆ ಇನ್ನೊಬ್ಬರ ಮಾತು ನಡೆಯುವುದಿಲ್ಲ. ಅದೂ ನಮ್ಮಲ್ಲಿ ಹೀಗೆಯೇ.

ಟೆಂಪೋ ಹೋದ ಮೇಲೆ ಶಂಭು ಕಂಬಳಿಯ ಮೇಲೆಯೇ ಕೂತಿದ್ದ. "ಹಂಗ ಹೂಂ ಹೂಂ ಅನಕೋತ ಬಂದು, ಇಷ್ಟ ಮಂದ್ಯಾಗ ನನ್ನ ಮಾರಿಗೆ ಮಸಿ ಬಳದಿಯಲ್ಲೋ ಅಣ್ಣಾ. ಬೇಕಂತನ ಮಾಡಿದಿ. ನಿನಗ ಇಷ್ಟ ಹುನ್ನಾರ ಐತಿ ಅಂತ ಗೊತ್ತಿರಲಿಲ್ಲ" ಎಂದ. ಹೆಂಡತಿಯನ್ನು ಕರೆದುಕೊಂಡು ನೀರು ಕೂಡ ಕುಡಿಯದೆ ಹೋದ. ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಹೊಳೆಯಪ್ಪನ ಮುಂದೆ ಹೇಳಿದ್ದಾನಂತೆ. ರೇವವ್ವ ಹೋಗುವ ಮೊದಲು ಹೋಳಿಗೆಯ ಬುಟ್ಟಿಗೆ ಅರಿವೆ ಮುಚ್ಚಿ, ಇರುವೆ ಹತ್ತದ ಹಾಗೆ ಕೆಳಗೆ ನೀರಿನ ತಾಟು ಇಟ್ಟು ಹೋಗಿದ್ದಳು. ಅದನ್ನು ನೋಡಿ ಮಾತ್ರ ಅಳು ಬಂತು.

ಹೋಳಿಗೆ ಓಣಿಗೆಲ್ಲ ಹಂಚಿದೆ.

ಜಹೀರುದ್ದೀನನಿಗೆ ಸುದ್ದಿ ಹೇಗೋ ಮುಟ್ಟಿದೆ. ನಿನ್ನೆ ಬಂದು ಸೈಕಲ್ ಕಟ್ಟೆಗೆ ಆನಿಸಿ, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಬಿದ್ದಿಯೇನಲೇ ಮತ್ತ?" ಎಂದ. "ಇಲ್ಲ" ಎಂದೆ.

ನೀನು ಓದು.

ನಿನ್ನ ತಂದೆ
ಈರಬಸಪ್ಪ


ಧಾರವಾಡ
೨ ಜನವರಿ ೧೯೭೫

ಅಪ್ಪನವರಿಗೆ ಕಸ್ತೂರಿಯ ಶರಣು.

ನಿಮ್ಮ ಪತ್ರ ಬಂದಾಗ ಒಡೆಯಲಿಲ್ಲ. ನಿಶ್ಚಯದ ಸುದ್ದಿ ಇರುತ್ತದೆ ಎಂದು ಟ್ರಂಕಿನ ತಳಕ್ಕೆ ಹಾಕಿದ್ದೆ. ಉಡಿ ತುಂಬಲು ಕರೆಯಲು ಯಾರಾದರೂ ಬರುತ್ತಾರೆಂದು ಪ್ರತಿದಿನ ಹಾಸ್ಟೆಲಿನ ಗೇಟು ನೋಡುತ್ತಿದ್ದೆ. ಯಾರೂ ಬರಲಿಲ್ಲ. ಮೊನ್ನೆ ಸ್ವೆಟರ್ ಹುಡುಕುವಾಗ ಪತ್ರ ಕೈಗೆ ಬಂತು, ನಿಂತಲ್ಲೇ ಒಡೆದೆ.

ಅಪ್ಪಾ, ನವೆಂಬರಿನ ನಿಮ್ಮ ಎರಡೂ ಪತ್ರಗಳನ್ನು ಈಗ ಮತ್ತೆ ಓದಿದೆ.

ಗುರೇಜಿನ ಅಧ್ಯಾಯ ಮುಗಿಸಿದ್ದೇನೆ. ಸೈಕಲ್ಲಿನ ಸಂಗತಿ ಅದರಲ್ಲಿ ಸೇರಿಸಲು ಬರುವುದಿಲ್ಲ, ಆದರೆ ಅದಿಲ್ಲದೆ ನನಗೆ ಬರೆಯಲು ಆಗುತ್ತಿರಲಿಲ್ಲ. ಒಂದು ಪ್ರಶ್ನೆ ಉಳಿದಿದೆ. ಪ್ರಬಂಧಕ್ಕಲ್ಲ, ನನಗೆ ಬೇಕು. ದಸರೆಯಿಂದ ಆ ಸೋಮವಾರದವರೆಗೆ ನೀವು ಕಾಕಾಗೆ ಹೂಂ ಎನ್ನುತ್ತ ಬಂದದ್ದು ಬೇಕೆಂದೇ ಮಾಡಿದ್ದೋ, ಖರೇನೇ ಸೋತಿದ್ದಿರೋ? ಬೇಕೆಂದೇ ಮಾಡಿದ್ದರೆ ನನಗಾದರೂ ಒಂದು ಗೆರೆ ಬರೆಯಬಹುದಿತ್ತು. ಖರೇನೇ ಸೋತಿದ್ದರೆ, ಮತ್ತೆ ಹೇಗೆ?

ಎಳ್ಳಮಾಸಿ ಹಬ್ಬಕ್ಕೆ ಬರುತ್ತೇನೆ.

ನಿಮ್ಮ ಮಗಳು
ಕಸ್ತೂರಿ


ಮೊರಬ
೬ ಜನವರಿ ೧೯೭೫

ಮಗಳೇ,

ಇನ್‌ಲ್ಯಾಂಡ್ ಮುಗಿದಿವೆಯಂತೆ, ಕಾರ್ಡಿನಲ್ಲೇ ಬರೆಯುತ್ತಿದ್ದೇನೆ.

ಬಾ. ಜೋಳ ತೆನೆ ಹಿಡಿದಿದೆ. ಹೊಲಕ್ಕೆ ಚರಗದ ನೈವೇದ್ಯ ಚೆಲ್ಲಲು ಶಂಭುವಿಗೂ ಹೊಳೆಯಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದೇನೆ. ಬರುವುದಿಲ್ಲ ಎಂದೂ ಹೇಳಿಲ್ಲ, ಬರುತ್ತೇನೆ ಎಂದೂ ಹೇಳಿಲ್ಲ. ಬುತ್ತಿ ನನಗೆ ಕಟ್ಟಲು ಬರುವುದಿಲ್ಲ, ಹಿಂದಿನ ದಿನವೇ ಬಂದುಬಿಡು.

ನೀನು ಕೇಳಿದ್ದಕ್ಕೆ ಉತ್ತರ. ಕುದುರೆ ಖರೇನೇ ಓಡುತ್ತಿತ್ತು. ತಿರುಗಿ ಕೂತದ್ದಷ್ಟೇ ನಾನು.

ನಿನ್ನ ತಂದೆ
ಈರಬಸಪ್ಪ